ಒಬ್ಬರಿಗೆ ಗೊತ್ತಿರಲಿ, ಓಣಿಗೆ ಗೊತ್ತಾಗದಿರಲಿ: ಪುಣೆ, ಮುಂಬೈಯಲ್ಲಿ ವ್ಯಾನಿನೊಳಗೇ ರಾತ್ರಿ ಕಳೆಯುವ ಬಗೆ

ನನ್ನದು ಗುಳೇದಗುಡ್ಡ ಖಣದ, ಅಂದರೆ ಕೈಮಗ್ಗದ ಕುಪ್ಪಸದ ಬಟ್ಟೆಯ ವ್ಯಾಪಾರ. ನೇಕಾರರ ಮನೆಗಳಿಂದ ಮಾಲು ಕೂಡಿಸಿಕೊಂಡು ಪುಣೆಯ ರವಿವಾರ ಪೇಠೆಗೆ, ತುಳಶೀಬಾಗಕ್ಕೆ, ಮುಂಬೈಯ ದಾದರಿಗೆ, ಗೋವಾದ ಫೋಂಡಾ ಸುತ್ತಿನ ಗುಡಿಗಳ ಮುಂದೆ ಉಡಿ ತುಂಬುವ ಸಾಮಾನು ಮಾರುವ ಅಂಗಡಿಗಳಿಗೆ ಮುಟ್ಟಿಸುತ್ತೇನೆ. ಗುಡಿ ಪಾಡವಾ, ಗೌರಿ-ಗಣಪತಿ, ನವರಾತ್ರಿ ಹತ್ತಿರ ಬಂತೆಂದರೆ ಮನೆಗಿಂತ ಗಾಡಿಯಲ್ಲೇ ಹೆಚ್ಚು ಮಲಗುವುದು. ಮಾಲನ್ನು ಬೀದಿಯಲ್ಲಿ ಬಿಟ್ಟು ಲಾಡ್ಜಿನಲ್ಲಿ ಮಲಗಿದರೆ ಕಣ್ಣು ಹತ್ತುವುದಿಲ್ಲ, ಮಾಲಿನ ಪಕ್ಕ ಮಲಗಿದರೆ ಹತ್ತುತ್ತದೆ. ಅದಕ್ಕೇ ಮಾರುತಿ ಇಕೋ ಕಾರ್ಗೋ ವ್ಯಾನಿನ ಹಿಂಭಾಗದಲ್ಲಿ ಒಂದು ಹಾಸಿಗೆ, ಒಂದು ಸಣ್ಣ ಫ್ಯಾನು, ಎರಡು ಕ್ಯಾನು ನೀರು ಇಟ್ಟುಕೊಂಡಿದ್ದೇನೆ.

ಈಗೀಗ ವ್ಯಾನನ್ನು ಕ್ಯಾಂಪರ್, ಅಂದರೆ ಒಳಗೇ ಮಲಗಿ ಏಳುವ ಗಾಡಿ, ಮಾಡಿಸಿಕೊಂಡು ತಿರುಗುವ ಹುಡುಗ-ಹುಡುಗಿಯರು ಹೆಚ್ಚಾಗಿದ್ದಾರೆ. ನಮ್ಮ ತಂಗಿಯ ಮಗಳೇ ಒಬ್ಬಳು. ಘಟ್ಟದಲ್ಲಿ, ಹೊಲದ ಬದಿಯಲ್ಲಿ ಅವರಿಗೆ ಅಂಜಿಕೆಯಿಲ್ಲ. ಊರೊಳಗೆ ಒಂದು ರಾತ್ರಿ ಕಳೆಯಬೇಕು ಎಂದರೆ ಕಂಗಾಲಾಗುತ್ತಾರೆ. "ಮಾಮಾ, ಯಾರಿಗೂ ಕಾಣದಂಥ ಜಾಗ ಯಾವುದಾದರೂ ಇದ್ದರೆ ಹೇಳು" ಅನ್ನುತ್ತಾಳೆ. ಹಾಗೊಂದು ಜಾಗ ನಮ್ಮ ಊರುಗಳಲ್ಲಿ ಇಲ್ಲ, ಇದ್ದರೂ ಅಲ್ಲಿ ಮಲಗಬಾರದು. ರಾತ್ರಿ ಎರಡಕ್ಕೂ ಒಬ್ಬ ಸೈಕಲ್ ಮೇಲೆ ಚಹಾ ಮಾರುತ್ತಿರುತ್ತಾನೆ, ಒಬ್ಬ ವಾಚ್‌ಮನ್ ಕುರ್ಚಿಯಲ್ಲಿ ತೂಕಡಿಸುತ್ತಿರುತ್ತಾನೆ, ಮೂರನೆಯ ಮಹಡಿಯಲ್ಲಿ ನಿದ್ದೆ ಬಾರದ ಅಜ್ಜ ಗ್ಯಾಲರಿಯಲ್ಲಿ ನಿಂತಿರುತ್ತಾರೆ. ನೀವು ಬಂದದ್ದು ಇವರಲ್ಲಿ ಒಬ್ಬರಿಗಾದರೂ ಗೊತ್ತಾಗೇ ಆಗುತ್ತದೆ. ಆ ಒಬ್ಬರು ಯಾರಾಗಿರಬೇಕು ಎಂದು ನೀವೇ ಆರಿಸಿಕೊಂಡು, ಅವರಿಗೆ ಬಾಯಿಬಿಟ್ಟು ಹೇಳಿ, ಉಳಿದವರ ಕಣ್ಣಿಗೆ ಇದು ಬರೀ ನಿಂತ ಗಾಡಿ ಅನ್ನಿಸುವಂತೆ ಇರಬೇಕು. ನನ್ನ ಪದ್ಧತಿ ಇಷ್ಟೇ. ಮುಂದಿನದೆಲ್ಲ ಅದರ ವಿವರ.

ಗಾಡಿ

ಬಿಳಿ ಇಕೋ ನಮ್ಮ ಬೀದಿಗಳಲ್ಲಿ ಯಾರೂ ಎರಡನೇ ಸಲ ನೋಡದ ಗಾಡಿ. 2010ರಲ್ಲಿ ಬಂದದ್ದು, ಇವತ್ತಿಗೂ ಹಾಲಿನವರು, ಕೊರಿಯರಿನವರು, ಕ್ಯಾಟರಿಂಗಿನವರು, ಶಾಲೆ ಮಕ್ಕಳನ್ನು ಒಯ್ಯುವವರು, ಆಂಬುಲೆನ್ಸಿನವರು, ಎಲ್ಲರ ಕೈಯಲ್ಲೂ ಅದೇ. ಉದ್ದ 3.7 ಮೀಟರಿಗೂ ತುಸು ಕಡಿಮೆ, ಸಣ್ಣ ಕಾರು ಹಿಡಿಯುವ ಜಾಗದಲ್ಲಿ ಹಿಡಿಯುತ್ತದೆ. ಇಂಥ ಗಾಡಿ ತೆಗೆದುಕೊಂಡು ಅದರ ಮೇಲೆ ಹಿಮಾಲಯದ ಚಿತ್ರ, ತಲೆಯ ಮೇಲೆ ಕ್ಯಾರಿಯರ್, ಅದಕ್ಕೆ ಹಳದಿ ಕ್ಯಾನು, ಹಿಂದೆ "ನನ್ನ ಹಿಂಬಾಲಿಸಿ" ಅಂತ ಇನ್‌ಸ್ಟಾಗ್ರಾಮ್ ಹೆಸರು ಬರೆಸಿದರೆ ಓಣಿಯ ಹುಡುಗರೆಲ್ಲ ಒಳಗೆ ಇಣುಕಲು ಬರುತ್ತಾರೆ. ಬಂದರೆ ಅವರ ತಪ್ಪಿಲ್ಲ. ದೊಡ್ಡ ಟೆಂಪೋ ಟ್ರಾವೆಲರ್ ಇದ್ದವರು ಕಾರುಗಳ ನಡುವೆ ನುಗ್ಗಿಸುವ ಬದಲು ಟ್ರಾವೆಲ್ಸ್ ಗಾಡಿಗಳು ಸಾಲಾಗಿ ನಿಲ್ಲುವ ಕಡೆ ನಿಲ್ಲಿಸಲಿ.

ಒಳಗೆ ವೆಲ್ಡಿಂಗ್ ಮಾಡಿಸಬೇಡಿ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ನಮೂದಾದ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ. ನನ್ನದು ಎರಡು ಕಬ್ಬಿಣದ ಟ್ರಂಕು, ಮೇಲೆ ಮೂರು ತುಂಡು ಪ್ಲೈವುಡ್, ಅದರ ಮೇಲೆ ತೆಳು ಗಾದಿ, ನಮ್ಮವ್ವ ಹೊಲಿದ ಕೌದಿ. ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಿದರೆ ಕಾಲು ಚಾಚಬಹುದು. ಬೆಳಿಗ್ಗೆ ಪ್ಲೈವುಡ್ ಎತ್ತಿ ಬದಿಗೆ ನಿಲ್ಲಿಸಿದರೆ ಮತ್ತೆ ಮಾಲಿನ ಗಾಡಿ.

ಕಾರ್ಗೋಗೆ ಹಿಂದಿನ ಬದಿಯಲ್ಲಿ ಗಾಜಿನ ಗೋಜಿಲ್ಲ. ಗಾಜಿರುವ ಗಾಡಿಯಾದರೆ ಮೊದಲು ನೆನಪಿಡಬೇಕಾದದ್ದು ಕಪ್ಪು ಫಿಲ್ಮ್. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. ಕಂಪನಿಯಿಂದಲೇ ಬಣ್ಣ ಕಟ್ಟಿ ಬಂದ ಗಾಜು ಕೂಡ ಮುಂದೆ-ಹಿಂದೆ ಶೇ 70, ಬದಿಯಲ್ಲಿ ಶೇ 50 ಬೆಳಕು ಬಿಡಬೇಕು. ಹಾಗಾಗಿ ಗಾಡಿ ನಿಂತ ಮೇಲೆ ಹಾಕಿ, ಹೊರಡುವ ಮುನ್ನ ತೆಗೆಯುವಂಥ ಪರದೆ ಬೇಕು. ಆನ್‌ಲೈನಿನಲ್ಲಿ ಸಿಗುವ ಬೆಳ್ಳಿ ಬಣ್ಣದ ಹಾಳೆ ಸೆಕೆ ತಡೆಯುತ್ತದೆ ನಿಜ, ಆದರೆ ಬೀದಿದೀಪ ಬಿದ್ದೊಡನೆ ಫಳಫಳ ಹೊಳೆದು ಒಳಗೊಬ್ಬರಿದ್ದಾರೆ ಎಂದು ಡಂಗುರ ಸಾರುತ್ತದೆ. ಅದರ ಹೊರಮುಖಕ್ಕೆ ಮಾಸಲು ಕಪ್ಪು ಬಟ್ಟೆ ಹೊಲಿಸಿ. ಹೊರಗಿನಿಂದ ನೋಡಿದವರಿಗೆ ಒಳಗೆ ಕತ್ತಲೆ ಇದೆ ಅಂತಷ್ಟೇ ಕಾಣುತ್ತದೆ.

ಮುಂದಿನ ದೊಡ್ಡ ಗಾಜಿಗೆ ಏನನ್ನೂ ಹಾಕಬೇಡಿ. ರಾತ್ರಿ ಹನ್ನೊಂದಕ್ಕೆ ಬಿಸಿಲು ತಡೆಯುವ ಹಾಳೆ ಯಾಕೆ ಅಂತ ಯಾರಿಗಾದರೂ ಅನಿಸುತ್ತದೆ. ಸೀಟುಗಳ ಹಿಂದೆ ಕಪ್ಪು ಪರದೆ ಎಳೆದು, ಮುಂಭಾಗವನ್ನು ಎಲ್ಲರಿಗೂ ಕಾಣುವಂತೆ ಬಿಡಿ. ಡ್ರೈವರ್ ಸೀಟಿನ ಬೆನ್ನಿಗೊಂದು ಟವೆಲ್ಲು, ಪಕ್ಕದಲ್ಲಿ ಅರ್ಧ ಖಾಲಿಯಾದ ನೀರಿನ ಬಾಟಲಿ, ಡ್ಯಾಶ್‌ಬೋರ್ಡಿನ ಮೇಲೆ ಬಿಲ್ ಪುಸ್ತಕ. ಡ್ರೈವರ್ ಗಾಡಿ ನಿಲ್ಲಿಸಿ ಎಲ್ಲೋ ಹೋಗಿದ್ದಾನೆ ಅನ್ನುವ ಕಥೆಯನ್ನು ಆ ಮೂರು ವಸ್ತುಗಳೇ ಹೇಳುತ್ತವೆ.

ಬೆಳಕು, ಸದ್ದು, ಗಾಳಿ

ಊರಿಗೆ ಹೊರಡುವ ಮುನ್ನ ಮನೆಯ ಮುಂದೆ ಕತ್ತಲಲ್ಲಿ ಪರೀಕ್ಷೆ ಮಾಡಿ. ಪರದೆಗಳನ್ನೆಲ್ಲ ಹಾಕಿ, ಒಳಗೆ ಮೊಬೈಲಿನ ಟಾರ್ಚ್ ಹಚ್ಚಿಟ್ಟು, ಹೊರಗೆ ಬಂದು ಸುತ್ತು ಹಾಕಿ. ಬಾಗಿಲ ರಬ್ಬರಿನ ಹತ್ತಿರ, ಪರದೆಯ ಹೊಲಿಗೆಯಲ್ಲಿ ಸೂಜಿಮೊನೆಯಷ್ಟು ಬೆಳಕು ಬಂದೇ ಬರುತ್ತದೆ. ಅಲ್ಲಲ್ಲಿ ಕಪ್ಪು ಬಟ್ಟೆಯ ಟೇಪು ಅಂಟಿಸಿ. ಚಾರ್ಜರಿನ ನೀಲಿ ದೀಪದ ಮೇಲೂ ಒಂದು ಚೂರು. ಬಾಗಿಲು ತೆರೆದರೆ ಹತ್ತುವ ಚಾವಣಿಯ ದೀಪವನ್ನು ಪೂರ್ತಿ ಆಫ್ ಮಾಡಿಡಿ.

ಸದ್ದಿನ ವಿಷಯದಲ್ಲಿ ನಮ್ಮ ಶತ್ರು ಇಕೋದ ಜಾರುವ ಬಾಗಿಲು. ಘರ್ರ್ ಎಂದು ಸರಿದು ಧಡ್ ಎಂದು ಬಡಿಯುವ ಆ ಸದ್ದು ರಾತ್ರಿ ಹನ್ನೆರಡಕ್ಕೆ ನಾಲ್ಕು ಮನೆಯ ದೀಪ ಹತ್ತಿಸುತ್ತದೆ. ಅದರ ಹಳಿಗೆ ಗ್ರೀಸ್ ಹಚ್ಚಿದರೆ ಅರ್ಧ ಕಡಿಮೆಯಾಗುತ್ತದೆ, ಉಳಿದರ್ಧಕ್ಕೆ ಉಪಾಯವೆಂದರೆ ನಿಲ್ಲಿಸಿದ ಮೇಲೆ ಅದನ್ನು ಮುಟ್ಟದೇ ಇರುವುದು. ಮುಂದಿನ ಎರಡು ಸೀಟುಗಳ ನಡುವಿನಿಂದ ಹಿಂದಕ್ಕೆ ನುಸುಳುವುದನ್ನು ರೂಢಿ ಮಾಡಿಕೊಳ್ಳಿ. ಹೊಟ್ಟೆ ಇರುವವರಿಗೆ ಕಷ್ಟ, ನನಗೂ ಕಷ್ಟವೇ, ಆದರೂ ಸಾಧ್ಯ. ಲಾಕ್ ಮಾಡಲು ರಿಮೋಟ್ ಒತ್ತಬೇಡಿ, ಟೀಂಕ್ ಎಂದು ಕೂಗಿ ಇಂಡಿಕೇಟರ್ ಮಿಂಚುತ್ತದೆ. ಒಳಗಿನಿಂದ ಕೈಯಲ್ಲೇ ಲಾಕ್ ಮಾಡಿ. ಅಲುಗಾಡಿದರೆ ಕೂಗುವ ಅಲಾರಂ ಹಾಕಿಸಿದ್ದರೆ ಅದನ್ನು ಬಂದ್ ಮಾಡುವುದು ಹೇಗೆಂದು ಮೊದಲು ಕಲಿಯಿರಿ, ಇಲ್ಲದಿದ್ದರೆ ನೀವು ಮಗ್ಗುಲು ಬದಲಿಸಿದಾಗೆಲ್ಲ ಗಾಡಿ ಬೊಬ್ಬೆ ಹೊಡೆಯುತ್ತದೆ. ಗೊರಕೆ ಹೊಡೆಯುವವರು ಅಂಗಾತ ಮಲಗಬೇಡಿ.

ಗಾಳಿಯ ಮಾತು ತಮಾಷೆಯದಲ್ಲ. ಏಸಿಗಾಗಿ ಎಂಜಿನ್ ಚಾಲೂ ಇಟ್ಟುಕೊಂಡು ಎಂದೂ ಮಲಗಬೇಡಿ. ನಿಂತ ಗಾಡಿಯ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲಿದ್ದವರನ್ನು ಎಬ್ಬಿಸುವುದೂ ಇಲ್ಲ. ಒಳಗೆ ಸ್ಟೋವ್ ಹಚ್ಚುವುದು, ಸೊಳ್ಳೆಯ ಕಾಯಿಲ್ ಹಚ್ಚಿಟ್ಟು ಗಾಜು ಮುಚ್ಚುವುದು, ಇವೂ ಅದೇ ದಾರಿಯ ಕೆಲಸ. ಮುಂದಿನ ಎರಡೂ ಕಿಟಕಿಗೆ ಮಳೆ ತಡೆಯುವ ಪಟ್ಟಿ ಹಾಕಿಸಿ. ಗಾಜನ್ನು ಎರಡು ಬೆರಳಿನಷ್ಟು ಇಳಿಸಿದರೂ ಹೊರಗಿನವರಿಗೆ ಗೊತ್ತಾಗುವುದಿಲ್ಲ, ಮಳೆಯೂ ಒಳಗೆ ಬರುವುದಿಲ್ಲ. ಆ ಸಂದಿಗೆ ಸೊಳ್ಳೆಪರದೆಯ ಬಟ್ಟೆ ಸಿಕ್ಕಿಸಿ. ಪರದೆಯ ಕೆಳಗೆ ಒಂದು ಗೇಣು ಜಾಗ ಬಿಟ್ಟು ಅಲ್ಲಿ ಯುಎಸ್‌ಬಿ ಫ್ಯಾನು ಇಟ್ಟರೆ ಮುಂದಿನ ಗಾಳಿ ಹಿಂದಕ್ಕೆ ಬರುತ್ತದೆ. ಡಿಸೆಂಬರಿನ ಪುಣೆಯಲ್ಲಿ ಚಳಿಯೆಂದು ಪೂರ್ತಿ ಮುಚ್ಚಿದರೆ ಉಸಿರಿನ ತೇವ ಗಾಜಿಗೆಲ್ಲ ಕಟ್ಟುತ್ತದೆ. ಸಾಲಿನಲ್ಲಿ ಹತ್ತು ಗಾಡಿ ನಿಂತಿದ್ದು ಒಂದರ ಗಾಜು ಮಾತ್ರ ಒಳಗಿನಿಂದ ಮಂಜಾಗಿದ್ದರೆ ಗಸ್ತು ತಿರುಗುವ ಪೊಲೀಸ್ ಬೀಟ್ ಮಾರ್ಷಲ್‌ಗೆ ಬೇರೆ ಸಾಕ್ಷಿ ಬೇಡ.

ಸಂಜೆಯ ಕ್ರಮ

ಮಲಗುವ ಜಾಗಕ್ಕೆ ಮಲಗಲಿಕ್ಕೆ ಮಾತ್ರ ಹೋಗಬೇಕು. ಊಟ ಒಂದು ಕಡೆ, ಮುಖ ತೊಳೆಯುವುದು, ಹಲ್ಲುಜ್ಜುವುದು, ಸಂಡಾಸು ಇನ್ನೊಂದು ಕಡೆ, ಹಾಸಿಗೆ ಹಾಸುವುದು, ಪರದೆ ಕಟ್ಟುವುದು ಮೂರನೆಯ ಕಡೆ. ಪೆಟ್ರೋಲ್ ಪಂಪಿನಲ್ಲಿ ಶೌಚಾಲಯ, ಕುಡಿಯುವ ನೀರು, ಗಾಳಿ ಬಿಟ್ಟಿ ಕೊಡಬೇಕೆಂಬ ನಿಯಮವಿದೆ. ನಾನು ಪೆಟ್ರೋಲ್ ಹಾಕಿಸುವ ನೆಪವನ್ನೂ ಮಾಡುವುದಿಲ್ಲ, ಕೇಳಿಯೇ ಬಳಸುತ್ತೇನೆ. ಸುಲಭ ಶೌಚಾಲಯಗಳಲ್ಲಿ ಜಳಕವೂ ಆಗುತ್ತದೆ. ಇಷ್ಟೆಲ್ಲ ಮುಗಿಸಿ, ಲುಂಗಿ-ಬನಿಯನ್ನಿನ ಮೇಲೆ ಒಂದು ಅಂಗಿ ಏರಿಸಿಕೊಂಡು, ಹತ್ತೂವರೆಯ ಮೇಲೆ ಜಾಗಕ್ಕೆ ಬಂದು, ಎಂಜಿನ್ ಆರಿಸಿ, ಹೆಡ್‌ಲೈಟ್ ಆರಿಸಿ, ಸೀಟಿನಲ್ಲೇ ಐದು ನಿಮಿಷ ಸುಮ್ಮನೆ ಕೂರಿ. ಎದುರಿನ ನಾಯಿ ಬೊಗಳುವುದನ್ನು ನಿಲ್ಲಿಸುವವರೆಗೆ ಅನ್ನಿ. ಆಮೇಲೆ ಹಿಂದಕ್ಕೆ ನುಸುಳಿ.

ಆ ನಾಯಿಗೆ ಬಿಸ್ಕತ್ತು ಹಾಕಬೇಡಿ. ಒಂದಕ್ಕೆ ಹಾಕಿದರೆ ಐದು ಬರುತ್ತವೆ, ಐದು ಬಂದರೆ ಜಗಳ, ಜಗಳವಾದರೆ ಸೊಸೈಟಿಯವರು ಕೆಳಗಿಳಿಯುತ್ತಾರೆ. ಹಾಗೇ ಬಿಟ್ಟರೆ ಅದು ನಿಮ್ಮ ಗಾಡಿಯ ಕೆಳಗೇ ಮಲಗುತ್ತದೆ, ಅದಕ್ಕಿಂತ ಒಳ್ಳೆಯ ಕಾವಲು ಸಿಗದು.

ಊಟದ ವಿಷಯದಲ್ಲಿ ಉತ್ತರ ಕರ್ನಾಟಕದವರು ಪುಣ್ಯವಂತರು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಒಂದು ಡಬ್ಬಿ ಮೊಸರು ಇದ್ದರೆ ಒಲೆ ಬೇಡ, ಒಗ್ಗರಣೆಯ ವಾಸನೆ ಇಲ್ಲ, ಪಾತ್ರೆ ತೊಳೆದ ನೀರು ಚೆಲ್ಲುವ ಪ್ರಶ್ನೆಯಿಲ್ಲ. ರೊಟ್ಟಿ ಮುರಿಯುವ ಕಟಂ ಕಟಂ ಸದ್ದಿದೆಯಲ್ಲ, ಅದೊಂದನ್ನು ಹತ್ತರೊಳಗೆ ಮುಗಿಸಿ.

ರಾತ್ರಿ ಒಂದಕ್ಕೆ ಎದ್ದು ಹೊರಗೆ ಹೋಗುವಂತಾಗಬಾರದು. ಅಗಲ ಬಾಯಿಯ, ಬಿಗಿ ಮುಚ್ಚಳದ ಬಾಟಲಿ ಒಂದನ್ನು ಇದಕ್ಕೆಂದೇ ಇಡಿ, ಮೇಲೆ ಗುರುತು ಮಾಡಿ. ಬೆಳಿಗ್ಗೆ ಶೌಚಾಲಯದಲ್ಲಿ ಚೆಲ್ಲಿ ತೊಳೆಯಿರಿ. ಗಟಾರಕ್ಕೆ, ಗೋಡೆಗೆ, ಗಿಡಕ್ಕೆ ಬೇಡ. ವ್ಯಾನಿನಲ್ಲಿ ಮಲಗುವವರನ್ನು ಓಣಿಯವರು ದ್ವೇಷಿಸುವ ಕಾರಣಗಳಲ್ಲಿ ಮುಕ್ಕಾಲು ಪಾಲು ಇದೇ.

ಪುಣೆಯಲ್ಲಿ

ಹಳೆಯ ಪೇಠೆಗಳಲ್ಲಿ ಜಾಗಕ್ಕಿಂತ ಬೋರ್ಡು ಹೆಚ್ಚು. ಗೇಟಿನ ಮುಂದೆ ಗಾಡಿ ನಿಲ್ಲಿಸಿದರೆ ಗಾಳಿ ಬಿಡಲಾಗುವುದು ಎಂಬ ಧಾಟಿಯ ಪುಣೇರಿ ಪಾಟಿಗಳನ್ನು ತಮಾಷೆಯೆಂದು ಓದಿ ನಗುವವರಿದ್ದಾರೆ. ಸದಾಶಿವ ಪೇಠೆಯಲ್ಲಿ ಅದು ತಮಾಷೆಯಲ್ಲ, ಮಾಡಿ ತೋರಿಸುತ್ತಾರೆ. ಪಿ1, ಪಿ2 ಎಂಬ ಫಲಕಗಳನ್ನೂ ನೋಡಿಕೊಳ್ಳಿ: ಬೆಸ ತಾರೀಖಿಗೆ ರಸ್ತೆಯ ಒಂದು ಬದಿ, ಸಮ ತಾರೀಖಿಗೆ ಇನ್ನೊಂದು ಬದಿ. ನೀವು ಸರಿಯಾದ ಬದಿಯಲ್ಲೇ ಮಲಗಿದರೂ ಹನ್ನೆರಡು ಹೊಡೆದರೆ ತಾರೀಖು ಬದಲಾಗುತ್ತದೆ. ಗಾಡಿ ಎತ್ತುವ ಟೆಂಪೋ ಹಗಲಲ್ಲಿ ಬರುವಂಥದ್ದು, ಆದರೂ ನಾನು ಮರುದಿನದ ಬದಿಯನ್ನು ನೋಡಿಯೇ ನಿಲ್ಲಿಸುತ್ತೇನೆ. ಇನ್ನೊಂದು ಲೆಕ್ಕ: ಹತ್ತು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಸಾರ್ವಜನಿಕ ಜಾಗದಲ್ಲಿ ಯಾರೂ ಇಲ್ಲದೆ ಬಿಟ್ಟ ಗಾಡಿಯನ್ನು ಎತ್ತಿಸಲು ಪೊಲೀಸರಿಗೆ ಅದೇ ಮೋಟಾರು ವಾಹನ ಕಾಯ್ದೆಯ 127ನೇ ಕಲಂ ಅಧಿಕಾರ ಕೊಡುತ್ತದೆ, ನಿಷೇಧದ ಜಾಗವಾದರೆ ಆ ಹತ್ತು ಗಂಟೆಯ ಮಾತೂ ಇಲ್ಲ. ಹತ್ತೂವರೆಗೆ ಬಂದು ಆರೂವರೆಗೆ ಹೊರಟರೆ ಈ ತಕರಾರಿನೊಳಗೆ ಬರುವುದೇ ಇಲ್ಲ.

ರವಿವಾರ ಪೇಠೆಯಲ್ಲಿ ಮಾಲು ಕೊಡುವುದಿದ್ದರೆ ಪೇಠೆಯ ಒಳಗೆ ಮಲಗುವುದಿಲ್ಲ. ನಸುಕಿಗೇ ಕೈಗಾಡಿ, ಹಮಾಲರು ಶುರು. ಸ್ವಲ್ಪ ಆಚೆ, ಹಳೆಯ ಅಪಾರ್ಟ್‌ಮೆಂಟುಗಳು ಇರುವ, ಅಂಗಡಿಗಳು ಕಡಿಮೆ ಇರುವ, ಈಗಾಗಲೇ ಏಳೆಂಟು ಗಾಡಿ ನಿಂತಿರುವ ಅಡ್ಡರಸ್ತೆ ಹುಡುಕುತ್ತೇನೆ. ಖಾಲಿ ರಸ್ತೆಯಲ್ಲಿ ಒಂಟಿಯಾಗಿ ನಿಂತ ಗಾಡಿ ಎದ್ದು ಕಾಣುತ್ತದೆ. ನಿಲ್ಲಿಸುವ ಮುನ್ನ ನೆಲ ನೋಡಿ. ಪುಡಿಯಾದ ಗಾಜಿನ ಹರಳು ರಸ್ತೆಯಂಚಿನಲ್ಲಿ ಬಿದ್ದಿದ್ದರೆ ಆ ಓಣಿ ಬೇಡ. ಪುಣೆಯ ಕೆಲವು ಭಾಗಗಳಲ್ಲಿ ಪುಂಡರು ರಾತ್ರಿ ಕೊಯಿತಾ (ಉದ್ದನೆಯ ಮಚ್ಚು) ಹಿಡಿದು ನಿಂತ ಗಾಡಿಗಳ ಗಾಜು ಒಡೆಯುವ ಚಾಳಿ ಇದೆ, ಪೇಪರಿನಲ್ಲಿ ಬರುತ್ತಲೇ ಇರುತ್ತದೆ.

ಆಮೇಲೆ ಆ "ಒಬ್ಬರು". ಹೆಚ್ಚಾಗಿ ಹತ್ತಿರದ ಕಟ್ಟಡದ ವಾಚ್‌ಮನ್. ಗಾಡಿಯಿಂದ ಇಳಿದು, ಹತ್ತಿರ ಹೋಗಿ, "ಕಾಕಾ, ಗಾಡಿ ಇಥೆ ಲಾವೂ ಕಾ? ಸಕಾಳೀ ಸಾತಚ್ಯಾ ಆತ ಕಾಢತೋ" (ಗಾಡಿ ಇಲ್ಲಿ ಹಚ್ಚಲೇ? ಬೆಳಿಗ್ಗೆ ಏಳರೊಳಗೆ ತೆಗೆಯುತ್ತೇನೆ) ಎಂದು ಮರಾಠಿಯಲ್ಲಿ ಕೇಳಿದರೆ ಸಾಕು. ನವೀ ಪೇಠೆಯ ಕಡೆ ಹೀಗೆ ಕೇಳಿದಾಗ ಒಬ್ಬರು ನನ್ನ ಮರಾಠಿ ಮುಗಿಯುವ ಮೊದಲೇ ನಂಬರ್ ಪ್ಲೇಟಿನ ಮೇಲೆ ಟಾರ್ಚ್ ಬಿಟ್ಟರು. ಕೆಎ 29.

"ಬಾಗಲಕೋಟಿ ಗಾಡಿ ಏನ್ರಿ?"

"ಹೌದ್ರಿ ಕಾಕಾ, ಗುಳೇದಗುಡ್ಡ. ತಮ್ಮದು?"

"ಅಕ್ಕಲಕೋಟಿ ಹಂತ್ಯಾಕ. ಒಳಗ ಮಲಗಾಂವೇನು?"

"ಹೌದ್ರಿ. ಖಣದ ಮಾಲ್ ಐತಿ, ಬಿಟ್ಟು ಹ್ವಾದ್ರ ನಿದ್ದಿ ಹತ್ತಂಗಿಲ್ಲ."

"ಹಂಗಾರ ಆ ಕಂಬದ ಕಡೆ ಹಚ್ಚಬ್ಯಾಡ್ರಿ, ನಾಕೂವರಿಗೆ ಹಾಲಿನಾಂವ ಬಂದು ಹಾರ್ನ್ ಹೊಡೀತಾನ. ಇತ್ಲಾಗ ಹಚ್ರಿ. ಎರಡನೇ ಮಾಳಗಿ ಅಜ್ಜಿ ಕೇಳಿದ್ರ ನಾ ಹೇಳ್ತೀನಿ."

ಆ ನಾಲ್ಕು ಮಾತಿನಲ್ಲಿ ನನಗೆ ಬೇಕಾದದ್ದೆಲ್ಲ ಬಂತು: ಯಾವ ಕಂಬ ಬೇಡ, ಯಾವ ಗಾಡಿ ಎಷ್ಟಕ್ಕೆ ಬರುತ್ತದೆ, ಯಾರು ವಿಚಾರಿಸುತ್ತಾರೆ, ವಿಚಾರಿಸಿದರೆ ಉತ್ತರ ಕೊಡುವವರು ಯಾರು. ಸೋಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡದವರು ಪುಣೆಯಲ್ಲಿ ಬಹಳ. ಹೀಗೆ ಒಬ್ಬರು ಸಿಕ್ಕರೆ ಅದೃಷ್ಟ, ಸಿಗದಿದ್ದರೂ ಮರಾಠಿಯಲ್ಲಿ ಕೇಳಿದ್ದಕ್ಕೇ ಅರ್ಧ ಕೆಲಸ ಆಗಿರುತ್ತದೆ. ರಾತ್ರಿ ಕೈಗೆ ದುಡ್ಡು ಕೊಡಬೇಡಿ. ಹೊತ್ತಲ್ಲದ ಹೊತ್ತಿನಲ್ಲಿ ದುಡ್ಡು ಚಾಚಿದವನ ಮೇಲೆ ಅನುಮಾನ ಬರುತ್ತದೆ. ಬೆಳಿಗ್ಗೆ ಹೊರಡುವಾಗ ಟಪರಿಯಲ್ಲಿ ಜೊತೆಗೆ ಚಹಾ ಕುಡಿದು, ಅವರದ್ದೂ ನೀವೇ ಕೊಟ್ಟು ಬನ್ನಿ.

ಡೆಕ್ಕನ್ ಕಡೆ ಭಿಡೆ ಸೇತುವೆಯ ಹತ್ತಿರದ ನದಿಪಾತ್ರದ ರಸ್ತೆ ನೋಡಲು ವಿಶಾಲ, ಸದ್ದಿಲ್ಲ, ಬೇಸಿಗೆಯಲ್ಲಿ ಗಾಡಿಗಳ ಸಾಲು. ಜೂನ್‌ನಿಂದ ಅಕ್ಟೋಬರ್‌ವರೆಗೆ ಅದರ ಹೆಸರೆತ್ತಬೇಡಿ. ಖಡಕವಾಸಲಾ ಅಣೆಕಟ್ಟು ತುಂಬಿ ಮುಠಾ ನದಿಗೆ ನೀರು ಬಿಟ್ಟರೆ ಆ ರಸ್ತೆಯೇ ನದಿ. 2024ರ ಜುಲೈ 25ರಂದು ಸಿಂಹಗಡ ರಸ್ತೆಯ ಏಕತಾ ನಗರಿಯಲ್ಲಿ ಮನೆಗಳಿಗೇ ನೀರು ನುಗ್ಗಿತ್ತು, ಅದರೊಳಗೆ ವ್ಯಾನು ಯಾವ ಲೆಕ್ಕ.

ಗಣಪತಿಯ ಹತ್ತು ದಿನ ಮಧ್ಯ ಪುಣೆಯಲ್ಲಿ ಪ್ರಯತ್ನವನ್ನೇ ಮಾಡಬೇಡಿ. ಮಾಲನ್ನು ಹಬ್ಬಕ್ಕೆ ಮೊದಲೇ ಮುಟ್ಟಿಸಿ ಹಡಪಸರ ದಾಟಿ ಸೋಲಾಪುರ ರಸ್ತೆ ಹಿಡಿಯುವುದು ಮೇಲು.

ಮುಂಬೈಯಲ್ಲಿ

ಮುಂಬೈ ಜನ ಯಾರನ್ನೂ ನೋಡುವುದಿಲ್ಲ, ಮುಂಬೈ ಪೊಲೀಸರು ಎಲ್ಲವನ್ನೂ ನೋಡುತ್ತಾರೆ. 26/11ರ ಊರು ಅದು. 2021ರ ಫೆಬ್ರವರಿ 25ರಂದು ಕಾರ್ಮೈಕಲ್ ರೋಡಿನಲ್ಲಿ ವಾರಸುದಾರರಿಲ್ಲದೆ ನಿಂತಿದ್ದ ಸ್ಕಾರ್ಪಿಯೋದಲ್ಲಿ ಜಿಲೆಟಿನ್ ಕಡ್ಡಿ ಸಿಕ್ಕವು. ಅಂಥ ಊರಿನಲ್ಲಿ ಪರದೆ ಎಳೆದ ಹೊರರಾಜ್ಯದ ವ್ಯಾನು ದಕ್ಷಿಣ ಮುಂಬೈಯ ದೊಡ್ಡವರ ಬಂಗಲೆಗಳ ಹತ್ತಿರ, ಕೊಲಾಬಾದ ನೌಕಾಪಡೆಯ ನೆಲೆಯ ಹತ್ತಿರ, ರಾಯಭಾರ ಕಚೇರಿಗಳ ಹತ್ತಿರ ನಿಲ್ಲಬಾರದು. ಮರೀನ್ ಡ್ರೈವ್, ಕಾರ್ಟರ್ ರೋಡ್, ವರ್ಲಿ ಸೀ ಫೇಸ್ ಕೂಡ ಬೇಡ. ಕಾರಿನಲ್ಲಿ ಕೂತ ಜೋಡಿಗಳನ್ನು ಎಬ್ಬಿಸಲು ಅಲ್ಲಿ ಗಾಜು ತಟ್ಟುವುದು ನಿತ್ಯದ ಕೆಲಸ, ನಿಮ್ಮದೂ ತಟ್ಟುತ್ತಾರೆ.

ಮಾಲಿನ ಗಾಡಿಯಾದರೆ ವಡಾಳಾ ಟ್ರಕ್ ಟರ್ಮಿನಲ್ ಅಥವಾ ಖಾಡಿ (ಸಮುದ್ರದ ಹಿನ್ನೀರು) ಆಚೆ ನವಿ ಮುಂಬೈಯ ತುರ್ಭೆಯ ಎಪಿಎಂಸಿ. ಅಲ್ಲಿ ಗಾಡಿಯಲ್ಲಿ ಮಲಗದವರೇ ಅಪರೂಪ. ಸದ್ದು, ಧೂಳು, ಈರುಳ್ಳಿ ವಾಸನೆ ಸಹಿಸಬೇಕು. ಬೆಳಗಾವಿ, ವಿಜಯಪುರದ ಲಾರಿಗಳ ಪಕ್ಕ ನಿಲ್ಲಿಸಿ ಕನ್ನಡದಲ್ಲೇ ರಾತ್ರಿ ಕಳೆಯಬಹುದು. ಕ್ಯಾಂಪರಿನವರಿಗೆ ದೊಡ್ಡ ರೈಲು ನಿಲ್ದಾಣಗಳ ಪಾವತಿ ಪಾರ್ಕಿಂಗ್ ಒಳ್ಳೆಯದು. ನಸುಕಿನ ಗಾಡಿಗೆ ಬರುವವರನ್ನು ಕಾಯುತ್ತ ಕಾರಿನಲ್ಲಿ ನಿದ್ದೆ ಮಾಡುವುದು ಅಲ್ಲಿ ಯಾರಿಗೂ ಹೊಸದಲ್ಲ. ರಸೀದಿಯನ್ನು ಡ್ಯಾಶ್‌ಬೋರ್ಡಿನ ಮೇಲೆ ಕಾಣುವಂತಿಡಿ.

ಪರಳದ ಟಾಟಾ ಆಸ್ಪತ್ರೆ, ಕೆಇಎಂ ಸುತ್ತ ರಾತ್ರಿಯಿಡೀ ಜನ ಗಾಡಿಗಳಲ್ಲಿ, ಫುಟ್‌ಪಾತಿನಲ್ಲಿ ಮಲಗಿರುತ್ತಾರೆ, ಅಲ್ಲಿ ನಿಮ್ಮನ್ನು ಯಾರೂ ಕೇಳುವುದಿಲ್ಲ. ಆದರೂ ಅಲ್ಲಿಗೆ ಹೋಗಬೇಡಿ ಅನ್ನುತ್ತೇನೆ. ಆ ಜಾಗ ರೋಗಿಗಳ ಮನೆಯವರದು, ಒಂದು ಗಾಡಿಯ ಜಾಗಕ್ಕಾಗಿ ಅವರು ಮೂರು ಸುತ್ತು ಹಾಕುತ್ತಿರುತ್ತಾರೆ.

ನನಗೆ ಇಷ್ಟದ್ದು ಮಾಟುಂಗಾ. 1926ರಿಂದ ಇರುವ ಮೈಸೂರು ಅಸೋಸಿಯೇಷನ್ ಭಾವು ದಾಜಿ ರಸ್ತೆಯಲ್ಲಿದೆ, ಸ್ಟೇಷನ್ನಿನೆದುರು 1942ರಿಂದ ನಡೆಯುತ್ತಿರುವ ರಾಮ ನಾಯಕರ ಬೋರ್ಡಿಂಗ್ ಇದೆ, ಬೆಳಕು ಹರಿಯುವ ಹೊತ್ತಿಗೆ ಉಡುಪಿ ಹೋಟೆಲುಗಳ ಫಿಲ್ಟರ್ ಕಾಫಿ ಸಿಗುತ್ತದೆ. ರಾತ್ರಿ ಊಟ ಮುಗಿಸಿ ಗಲ್ಲೆಯಲ್ಲಿದ್ದವರನ್ನು ಕೇಳಿದರೆ "ಆ ಬದಿಗೆ ಬೇಡ ಮಾರಾಯ್ರೆ, ಅಲ್ಲಿ ಬೆಳಿಗ್ಗೆ ಹೂವಿನವರು ಕೂರ್ತಾರೆ, ಈ ಬದಿಗೆ ಇಡಿ" ಎಂದು ಜಾಗ ತೋರಿಸುತ್ತಾರೆ. ಅಲ್ಲಿಗೆ ನಿಮ್ಮ ಒಬ್ಬರು ಸಿಕ್ಕಂತಾಯಿತು.

ಆದರೆ ಮಳೆಗಾಲದಲ್ಲಿ ಮಾಟುಂಗಾ ಸೇರಿದಂತೆ ತಗ್ಗಿನ ಭಾಗಗಳನ್ನು ಬಿಟ್ಟುಬಿಡಿ. ಕಿಂಗ್ಸ್ ಸರ್ಕಲ್ಲಿನ ಗಾಂಧಿ ಮಾರ್ಕೆಟ್, ದಾದರದ ಹಿಂದಮಾತಾ, ಸಾಂತಾಕ್ರೂಜಿನ ಮಿಲನ್ ಸಬ್‌ವೇ, ಇವು ಪ್ರತಿ ವರ್ಷ ಮುಳುಗುವ ಜಾಗಗಳು. ಜೋರು ಮಳೆಯ ಹೊತ್ತಿಗೇ ಸಮುದ್ರದ ಭರತಿ (ಉಬ್ಬರ) ಬಂದರೆ ಗಟಾರದ ನೀರು ಹೋಗುವುದಕ್ಕೆ ದಾರಿಯಿಲ್ಲ. ಮಲಗುವ ಮುನ್ನ ಭರತಿಯ ವೇಳೆಯನ್ನು ಮೊಬೈಲಿನಲ್ಲಿ ನೋಡಿ, ನಾಲ್ಕೂವರೆ ಮೀಟರಿಗೆ ಮೇಲಿದ್ದರೆ ಎತ್ತರದ ಜಾಗಕ್ಕೆ ಹೋಗಿ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿತ್ತು, ನೀರಿನ ಒತ್ತಡಕ್ಕೆ ಬಾಗಿಲು ತೆರೆಯಲಾಗದೆ ಕಾರಿನೊಳಗೇ ಜನ ಸತ್ತರು. ಗಾಜು ಒಡೆಯುವ ಸಣ್ಣ ಸುತ್ತಿಗೆಯನ್ನು ತಲೆದಿಂಬಿನ ಕೆಳಗೇ ಇಟ್ಟುಕೊಳ್ಳಿ. ಹಳೆಯ ಮರಗಳ ಕೆಳಗೂ ಬೇಡ.

ಗೋವಾದಲ್ಲಿ

ಬೀಚಿನ ಬದಿ ಬೇಡ. ರಸ್ತೆಯಂಚಿನಲ್ಲಿ ಒಲೆ ಹಚ್ಚುವ, ಬಾಟಲಿ ಒಡೆಯುವ ಪ್ರವಾಸಿಗರಿಂದ ಊರಿನವರು ರೋಸಿಹೋಗಿದ್ದಾರೆ. ಪ್ರವಾಸಿ ತಾಣಗಳನ್ನು ಕಾಯುವ 2001ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ತಂದು ಬಯಲಲ್ಲಿ ಅಡುಗೆ ಮಾಡುವುದು, ಕುಡಿಯುವುದು ದಂಡದ ಅಪರಾಧ ಮಾಡಿದ್ದಾರೆ. ಮಡಗಾಂವ್ ಸ್ಟೇಷನ್ನಿನ ಪಾರ್ಕಿಂಗ್ ಚೆನ್ನಾಗಿದೆ. ನನ್ನ ದಾರಿ ಮಾತ್ರ ಫೋಂಡಾ: ಮಂಗೇಶಿ, ಕವಳೆ ಕಡೆಯ ದೇವಸ್ಥಾನಗಳಿಗೆ ಕರ್ನಾಟಕದ ಗಾಡಿಗಳು ಬರುವುದು ಮಾಮೂಲು. ಕಚೇರಿಯಲ್ಲಿ ಕೇಳಿ, ಒಪ್ಪಿದರೆ ನಿಲ್ಲಿಸಿ, ಒಪ್ಪದಿದ್ದರೆ ಅಗ್ರಶಾಲೆಯಲ್ಲಿ ಕೋಣೆ ಇದೆಯೇ ಎಂದು ವಿಚಾರಿಸಿ. ತೆಂಗಿನ ಮರದ ಕೆಳಗೆ ನಿಲ್ಲಿಸಬೇಡಿ ಅಂತ ಬೇರೆ ಹೇಳಬೇಕೇ? ಕುಡಿದಿದ್ದರೆ ವ್ಯಾನೂ ಬೇಡ, ಏನೂ ಬೇಡ, ಲಾಡ್ಜು ಹಿಡಿಯಿರಿ. ರಾತ್ರಿ ಯಾರಾದರೂ ಗಾಡಿ ತೆಗೆಯಿರಿ ಅಂದರೆ ತೆಗೆಯುವ ಸ್ಥಿತಿಯಲ್ಲಿರಬೇಕು.

ಗಾಜು ತಟ್ಟಿದರೆ

ಉಸಿರು ಬಿಗಿಹಿಡಿದು ಮಲಗಬೇಡಿ. ಒಳಗೊಬ್ಬರಿದ್ದೂ ಇಲ್ಲದವರಂತೆ ನಟಿಸಿದರೆ ಸಣ್ಣ ವಿಚಾರಣೆ ದೊಡ್ಡದಾಗುತ್ತದೆ. ದೀಪ ಹಚ್ಚಿ, ಪರದೆ ಸರಿಸಿ, ಎರಡೂ ಕೈ ಕಾಣುವಂತೆ ಮುಂದಿನ ಸೀಟಿಗೆ ಬನ್ನಿ. ಸಮವಸ್ತ್ರ ಕಂಡ ಮೇಲೆ ಗಾಜು ಇಳಿಸಿ. ಸಮವಸ್ತ್ರವಿಲ್ಲದವರಾದರೆ ಗಾಜು ಇಳಿಸದೆ ಎಂಜಿನ್ ಚಾಲೂ ಮಾಡಿ ಹೊರಡಿ, ಬೇಕಿದ್ದರೆ 112ಕ್ಕೆ ಫೋನ್ ಮಾಡಿ. ಡ್ರೈವರ್ ಸೀಟು ಯಾವಾಗಲೂ ಖಾಲಿ, ಕೀಲಿ ಕೈಗೆ ಸಿಗುವ ಜಾಗದಲ್ಲಿ, ಗಾಡಿಯ ಮೂತಿ ರಸ್ತೆಯ ಕಡೆಗೆ ಇರಬೇಕಾದದ್ದು ಇದಕ್ಕೇ. ಪೊಲೀಸರಿಗೆ ನಾನು ಹೇಳುವುದು ಇದ್ದದ್ದನ್ನೇ: "ಸಾಹೇಬ್, ಮಾಲ್ ಆಹೇ, ಸಕಾಳೀ ದುಕಾನ ಉಘಡಲ್ಯಾವರ ದೇಣಾರ." (ಮಾಲಿದೆ, ಬೆಳಿಗ್ಗೆ ಅಂಗಡಿ ತೆರೆದ ಮೇಲೆ ಕೊಡುತ್ತೇನೆ.) ಆರ್‌ಸಿ, ಲೈಸೆನ್ಸ್, ಬಿಲ್ಲು, 50,000 ರೂಪಾಯಿಗೆ ಮೇಲಿನ ಮಾಲಾದರೆ ಇ-ವೇ ಬಿಲ್ಲು (ಜಿಎಸ್‌ಟಿಯ ಸಾಗಣೆ ಪತ್ರ), ಎಲ್ಲ ಒಂದೇ ಚೀಲದಲ್ಲಿ. ಕ್ಯಾಂಪರಿನವರು "ಪ್ರವಾಸ, ನಿದ್ದೆ ಬಂತು, ಬೆಳಿಗ್ಗೆ ಹೊರಡುತ್ತೇನೆ" ಅಂದರೆ ಸಾಕು. ತೆಗೆಯಿರಿ ಅಂದರೆ ವಾದಿಸದೆ ತೆಗೆಯಿರಿ, ಎಲ್ಲಿ ನಿಲ್ಲಿಸಲಿ ಎಂದು ಅವರನ್ನೇ ಕೇಳಿ. ಎಷ್ಟೋ ಸಲ ಠಾಣೆಯ ಎದುರಿಗೇ ನಿಲ್ಲಿಸಿಕೊಳ್ಳಿ ಅನ್ನುತ್ತಾರೆ. ಅದಕ್ಕಿಂತ ನೆಮ್ಮದಿಯ ನಿದ್ದೆ ಇಲ್ಲ.

ತಂಗಿಯ ಮಗಳಿಗೆ ಹೇಳಿದ್ದು ಇನ್ನೂ ಎರಡು. ಒಬ್ಬಳೇ ಇದ್ದಾಗ ಓಣಿಯ ಪ್ರಯೋಗ ಬೇಡ, ಕ್ಯಾಮೆರಾ ಇರುವ ಪಾವತಿ ಪಾರ್ಕಿಂಗೇ ಇರಲಿ, ಜಾಗದ ಲೊಕೇಷನ್ ಮನೆಗೆ ಹೋಗಲಿ. ಎರಡನೆಯದು ಕಾನೂನು: ಸೂರ್ಯ ಮುಳುಗಿದ ಮೇಲೆ ಹುಟ್ಟುವ ಮುನ್ನ ಹೆಣ್ಣುಮಕ್ಕಳನ್ನು ಬಂಧಿಸುವಂತಿಲ್ಲ, ತೀರಾ ಅಪರೂಪದ ಸಂದರ್ಭವಿದ್ದರೂ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಮಾಡಬೇಕು. ಠಾಣೆಗೆ ಬಾ ಎಂದು ಯಾರಾದರೂ ಹೆದರಿಸಿದರೆ ಇದು ನೆನಪಿರಲಿ.

ಕೊನೆಯದಾಗಿ ನಂಬರ್ ಪ್ಲೇಟು. ಮಾಮೂಲು ದಿನಗಳಲ್ಲಿ ಕೆಎ ಗಾಡಿಯನ್ನು ಮಹಾರಾಷ್ಟ್ರದಲ್ಲಿ ಯಾರೂ ಏನೂ ಅನ್ನುವುದಿಲ್ಲ. ಬೆಳಗಾವಿ ಗಡಿಯ ಗಲಾಟೆ ಎದ್ದಾಗ ಮಾತು ಬೇರೆ. 2022ರ ಡಿಸೆಂಬರಿನಲ್ಲಿ, ಮತ್ತೆ 2025ರ ಫೆಬ್ರವರಿಯಲ್ಲಿ ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಅಂಥ ವಾರದಲ್ಲಿ ಪರದೆ, ಟೇಪು, ವಾಚ್‌ಮನ್ ಕಾಕಾ ಯಾರೂ ಗಾಡಿಯನ್ನು ಮರೆಮಾಡಲಾರರು. ಖಣದ ಗಂಟುಗಳನ್ನು ಟ್ರಾನ್ಸ್‌ಪೋರ್ಟಿಗೆ ಹಾಕಿ, ಇಕೋವನ್ನು ಮನೆ ಮುಂದೆ ನಿಲ್ಲಿಸಿ, ಬಸ್ಸನ್ನೂ ನಂಬದೆ ನಾನು ರೈಲು ಹತ್ತುತ್ತೇನೆ.